ಮದಲತ್ತೆ ಬರೆದ ಮರಿಯಮ್ಮ

ಮಧುಗಿರಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಗೆ ಮೂರು ಕೋಣೆ, ಆದರೆ ಒಳಬಾಗಿಲು ಇದ್ದದ್ದು ಒಂದಕ್ಕೇ. ನಡುಮನೆಯಲ್ಲಿ ಉಣ್ಣುತ್ತಿದ್ದೆವು, ಅಲ್ಲೇ ಚಾಪೆ ಬಿಚ್ಚಿ ಮಲಗುತ್ತಿದ್ದೆವು, ಅಲ್ಲೇ ಜಗಳವಾಡುತ್ತಿದ್ದೆವು. ಅಡುಗೆಮನೆಗೂ ನಡುಮನೆಗೂ ಮಧ್ಯೆ ಸೊಂಟದೆತ್ತರದ ಗೋಡೆಯಷ್ಟೇ ಇದ್ದುದರಿಂದ ಅವ್ವ ಹುರುಳಿ ಸಾರಿಗೆ ಒಗ್ಗರಣೆ ಹಾಕಿದರೆ ಎಲ್ಲರೂ ಒಟ್ಟಿಗೆ ಸೀನುತ್ತಿದ್ದೆವು. ಬಾಗಿಲಿದ್ದ ಕೋಣೆ ಮದಲತ್ತೆಯದು. ಅವಳು ಅಪ್ಪನ ತಂಗಿ, ಹೆಸರು ಮದಲೇನಮ್ಮ. ಮದುವೆಯಾದ ಎರಡನೆಯ ವರ್ಷ ಗಂಡ ಜ್ವರದಲ್ಲಿ ಹೋದ ಮೇಲೆ ಕೊರಟಗೆರೆಯಿಂದ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಅಣ್ಣನ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ನಾನು ಅವಳನ್ನು ನೋಡಿದ್ದೇ ಮಾಸಲು ಬಿಳಿ ಸೀರೆಯಲ್ಲಿ. ನನ್ನ ಹಿಂದೆ ಹುಟ್ಟಿದ ಇಬ್ಬರು ತಮ್ಮಂದಿರನ್ನು ಸಂಭಾಳಿಸುವುದರಲ್ಲೇ ಅವ್ವನ ಹೊತ್ತು ಹೋಗುತ್ತಿತ್ತು. ನನಗೆ ಎಣ್ಣೆ ಹಚ್ಚಿ ತಲೆ ಬಾಚಿದ್ದು, ಮುದ್ದೆ ನುಂಗುವುದು ಕಲಿಸಿದ್ದು, ಜಪಸರದ ಮಣಿ ಸರಿಸುವುದು ಹೇಳಿಕೊಟ್ಟಿದ್ದು ಎಲ್ಲ ಮದಲತ್ತೆ. ಅವಳು ನನ್ನವಳು ಎಂದೇ ತಿಳಿದಿದ್ದೆ. ಇಲ್ಲಿ ಹೇಳಬೇಕಾಗಿರುವ ಕೆಟ್ಟದ್ದೆಲ್ಲ ಆ ತಿಳುವಳಿಕೆಯಿಂದಲೇ ಹುಟ್ಟಿತು.

ನಮ್ಮ ತಾತ ಚಿತ್ರಗಾರರ ಪೈಕಿ. ಕಿರಸ್ತಾನರಾದ ಮೇಲೂ ಕುಂಚ ಬಿಟ್ಟಿರಲಿಲ್ಲ. ಅಪ್ಪನಿಗೆ ಆ ಕೈ ಅರ್ಧ ಮಾತ್ರ ಬಂದಿತ್ತು. ಎತ್ತಿನ ಗಾಡಿಗೆ, ಬಾಗಿಲಿಗೆ, ಅಂಗಡಿಯ ಹಲಗೆಗೆ ಬಣ್ಣ ಹಾಕಿ ಸಂಸಾರ ನಡೆಸುತ್ತಿದ್ದರು. ಪೂರ್ತಿ ಕೈ ಬಂದದ್ದು ಮದಲತ್ತೆಗೆ. ಅವಳು ಬರೆಯುತ್ತಿದ್ದುದು ದೇವರನ್ನು ಮಾತ್ರ: ಶಿಲುಬೆಯ ಮೇಲಿನ ಯೇಸುಸ್ವಾಮಿ, ಕೂಸನ್ನು ಎತ್ತಿಕೊಂಡ ಮರಿಯಮ್ಮ, ಬಡಗಿಯ ಉಳಿ ಹಿಡಿದ ಸಂತ ಸೂಸೆಯಪ್ಪ. ಅದು ಅವಳಿಗೆ ಕಸುಬಲ್ಲ, ಜಪ. ಹಲಸಿನ ಹಲಗೆಯನ್ನು ನುಣ್ಣಗೆ ಉಜ್ಜಿ, ಹುಣಸೆಬೀಜ ಬೇಯಿಸಿ ತೆಗೆದ ಅಂಟಿನಲ್ಲಿ ಸುಣ್ಣದ ಪುಡಿ ಕಲಸಿ ಬಳಿಯುತ್ತಿದ್ದಳು. ಒಣಗಿದ ಮೇಲೆ ಕವಡೆಯಿಂದ ತಿಕ್ಕಿ ಮತ್ತೆ ಬಳಿಯುತ್ತಿದ್ದಳು. ಹೀಗೆ ಏಳು ಸಲ, ಒಂದೊಂದು ಸಲಕ್ಕೂ ಒಂದು ಜಪಸರ. ಕೆಂಪು ಅರೆಯುವಾಗ ಸ್ವಾಮಿಯ ಗಾಯಗಳನ್ನು ನೆನೆಯಬೇಕು, ದೀಪದ ಕಪ್ಪು ಕಲಸುವಾಗ ತನ್ನ ಪಾಪಗಳನ್ನು. ಹಲಗೆ ಹಿಡಿದ ದಿನದಿಂದ ಮುಗಿಯುವವರೆಗೆ ದಿನಕ್ಕೆ ಒಂದೇ ಊಟ, ಮತ್ತು ಮೌನ. ತೀರಾ ಅಗತ್ಯದ ಒಂದೆರಡು ಮಾತು ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ, ನಗುವಿಲ್ಲ. ಇಷ್ಟೆಲ್ಲ ಯಾಕತ್ತೆ ಎಂದು ಒಮ್ಮೆ ಕೇಳಿದ್ದೆ.

"ನಾನು ಎಲ್ಲಿ ಬರೀತೀನೇ? ನನ್ನ ಕೈ ಹಿಡಿದು ಅವರು ಬರೆಸ್ತಾರೆ. ಮನ್ಸು ಕೊಳೆ ಇದ್ರೆ ಕುಂಚಕ್ಕೂ ಕೊಳೆ ಹತ್ತುತ್ತೆ. ಅದು ಹಲಗೆ ಮೇಲೆ ಕಂಡೇ ಕಾಣ್ತದೆ ಕಣಮ್ಮ."

ಅವ್ವನಿಗೆ ಈ ನೇಮ ನಿಷ್ಠೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಮನೆಯಲ್ಲಿ ಎರಡು ಕೈ ಕಡಿಮೆಯಾದರೆ ಅದರ ಭಾರ ಬೀಳುತ್ತಿದ್ದುದು ಅವಳ ಮೇಲೆ. ರಾಗಿ ಬೀಸುವ ಕಲ್ಲಿನ ಮುಂದೆ ಕೂತು, ಮುಚ್ಚಿದ ಬಾಗಿಲಿಗೆ ಕೇಳುವಂತೆ ಹೇಳುತ್ತಿದ್ದಳು:

"ಇಬ್ರು ಹಿಡ್ಕಂಡು ಬೀಸೋ ಕಲ್ಲಿದು. ನಲವತ್ತು ದಿನ ನಾನೊಬ್ಳೇ ತಿರುಗಿಸ್ಲಾ? ದೇವ್ರನ್ನ ಬರೆಯೋರಿಗೆ ಹಿಟ್ಟು ಬ್ಯಾಡ್ವಾ?"

"ಬುಡೇ ಅತ್ಲಾಗೆ, ವರ್ಷಕ್ಕೊಂದ್ಸಲ," ಎನ್ನುತ್ತಿದ್ದರು ಅಪ್ಪ. ಅಷ್ಟರಲ್ಲಿ ಬಾಗಿಲು ತೆರೆಯುತ್ತಿತ್ತು. ಮದಲತ್ತೆ ಮಾತಿಲ್ಲದೆ ಬಂದು ಕಲ್ಲಿನ ಗೂಟಕ್ಕೆ ಕೈ ಹಾಕಿ, ಮೊರ ತುಂಬುವವರೆಗೆ ಬೀಸಿ, ಕೈ ತೊಳೆದು ಮತ್ತೆ ಒಳಗೆ ಹೋಗುತ್ತಿದ್ದಳು. ಆಗ ಅವ್ವನ ಮುಖ ಇನ್ನೂ ಸಣ್ಣದಾಗುತ್ತಿತ್ತು.

ಊರಲ್ಲಿ ನಮ್ಮವರು ಇಪ್ಪತ್ತು ಮನೆ ಇದ್ದರೆ ಹೆಚ್ಚು. ಬಡವನಹಳ್ಳಿಗೆ ಹೋಗುವ ದಾರಿಯಲ್ಲಿ ಹೆಂಚಿನ ಸಣ್ಣ ಗುಡಿ. ತಿಂಗಳಿಗೊಮ್ಮೆ ಗಾಡಿಯಲ್ಲಿ ಬಂದು ಪೂಜೆ ಮಾಡುತ್ತಿದ್ದ ಸ್ವಾಮಿಗಳು ಫ್ರಾನ್ಸಿನವರು, ಎದೆ ಮುಚ್ಚುವ ಗಡ್ಡ, ಪುಸ್ತಕದಿಂದ ಕಲಿತ ಕನ್ನಡ. ನನಗೆ ಒಂಬತ್ತು ತುಂಬಿದ ವರ್ಷ, ಪೀಠದ ಪಕ್ಕದಲ್ಲಿದ್ದ ಮರಿಯಮ್ಮನ ಕಾಗದದ ಪಟವನ್ನು ಗೆದ್ದಲು ತಿಂದು ಹಾಕಿತು. ನಲವತ್ತು ದಿನದ ಉಪವಾಸದ ತಪಸ್ಸು ಕಾಲ ಶುರುವಾಗುವ ಮುನ್ನಿನ ಭಾನುವಾರ ಸ್ವಾಮಿಗಳು ಎಲ್ಲರೆದುರಿಗೇ ಅತ್ತೆಯನ್ನು ಕರೆದರು.

"ಮದಲೇನಮ್ಮನವರೇ, ನಮಗೆ ಒಬ್ಬ ದೇವಮಾತೆಯನ್ನು ಬರೆದುಕೊಡಿ. ಉಪವಾಸ ಮುಗಿದು ಪಾಸ್ಕ ಹಬ್ಬದ ದಿನ ಇಲ್ಲಿ ಇಡೋಣ. ಇದು ಪಾಂಡಿಚೇರಿಯಿಂದ ತರಿಸಿದ ನೀಲಿ. ಅಮ್ಮನ ಸೆರಗಿಗೆ ಮಾತ್ರ."

ಹೆಬ್ಬೆರಳಿಗಿಂತ ತುಸು ದೊಡ್ಡದಾದ ಗಾಜಿನ ಬುಡ್ಡಿ. ಅಂಥ ನೀಲಿಯನ್ನು ನಾವ್ಯಾರೂ ನೋಡಿರಲಿಲ್ಲ. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನನ್ನ ಬೆನ್ನ ಹಿಂದೆ ಸ್ವಾಮಿಗಳಿಲ್ಲದ ವಾರ ಜಪ ನಡೆಸುತ್ತಿದ್ದ ಉಪದೇಶಿಯವರ ಹೆಂಡತಿ ಚೌರಮ್ಮ ಪಕ್ಕದವಳ ಕಿವಿಗೆ ಬಗ್ಗಿದ್ದು ಕೇಳಿಸಿತು: "ಗಂಡ ಸತ್ತೋಳ ಕೈಲಿ ಅಮ್ಮನ್ನ ಬರೆಸ್ತಾರಂತಾ?" ಕಿರಸ್ತಾನರಾಗಿ ಎರಡು ತಲೆಮಾರಾಗಿದ್ದರೂ ಮುತ್ತೈದೆ, ವಿಧವೆ ಎಂಬ ಲೆಕ್ಕವನ್ನು ನಮ್ಮ ಹೆಂಗಸರು ಹಳೆಯ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

ಉಪವಾಸದ ಮೊದಲ ದಿನವಾದ ಬೂದಿ ಬುಧವಾರದಿಂದ ಬಾಗಿಲು ಮುಚ್ಚಿತು. ನನ್ನ ತಲೆ ಬಾಚುವ ಕೆಲಸ ಅವ್ವನಿಗೆ ಬಂತು. ಅವಳು ಸಿಕ್ಕು ಬಿಡಿಸುತ್ತಿರಲಿಲ್ಲ, ಕೀಳುತ್ತಿದ್ದಳು. ನಾನು ದಿನವೂ ಆ ಬಾಗಿಲ ಹೊರಗೆ ಕೂರುತ್ತಿದ್ದೆ. ಜ್ವರ ಬಂದಿದೆ ಎಂದು ಸುಳ್ಳು ಹೇಳಿದೆ. ಅತ್ತೆ ಹೊರಬಂದು ಹಣೆ ಮುಟ್ಟಿ, ಇಲ್ಲವೆಂದು ತಲೆಯಾಡಿಸಿ, ಒಳಗೆ ಹೋದಳು. ಶಾಲೆಯಲ್ಲಿ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿದೆನೆಂದು ಕೂಗಿ ಹೇಳಿದೆ; ಒಳಗಿನಿಂದ ಕವಡೆ ತಿಕ್ಕುವ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಮೂರನೆಯ ವಾರದ ಹೊತ್ತಿಗೆ ನನಗೆ ಮರಿಯಮ್ಮನ ಮೇಲೆ ಹೊಟ್ಟೆಕಿಚ್ಚು ಹತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಸೇದುವ ಬಾವಿಗೆ ಹೋಗಿದ್ದಾಗ ಒಳಹೊಕ್ಕು, ಗೂಡಿನಲ್ಲಿದ್ದ ನೀಲಿಯ ಬುಡ್ಡಿ ತೆಗೆದುಕೊಂಡು ಹಿತ್ತಲಿಗೆ ಓಡಿದೆ. ಹಾಳು ಮಾಡಬೇಕೆಂದಲ್ಲ. ಹಣೆಗೆ ದೊಡ್ಡ ನೀಲಿ ಬೊಟ್ಟಿಟ್ಟುಕೊಂಡು ಅವಳೆದುರು ನಿಲ್ಲಬೇಕೆಂದಿದ್ದೆ. ನಕ್ಕರೂ ಸರಿ, ಬೈದರೂ ಸರಿ, ಎರಡೂ ಮಾತೇ.

ಕಲ್ಲುಬಾನಿಯ ನೀರಿನಲ್ಲಿ ಮುಖ ನೋಡಿಕೊಳ್ಳುತ್ತ ಬಿರಡೆ ತೆಗೆದೆ. ಒದ್ದೆ ಕೈ. ಬುಡ್ಡಿ ಒಡೆಯಲಿಲ್ಲ, ಆದರೆ ಬಟ್ಟೆ ಒಗೆಯುವ ಒದ್ದೆ ಕಲ್ಲಿನ ಮೇಲೆ ತಲೆಕೆಳಗಾಗಿ ಬಿತ್ತು. ಗಾಬರಿಯಲ್ಲಿ ಬಾನಿಯ ನೀರು ಮೊಗೆದು ಸುರಿದೆ. ಒಂದು ಹಿಡಿಗೂ ಕಡಿಮೆಯಿದ್ದ ಪುಡಿ ಅಷ್ಟು ನೀರನ್ನು ನೀಲಿ ಮಾಡೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಕಲ್ಲಿನಿಂದ ಬಚ್ಚಲ ಕಾಲುವೆಗೆ, ಕಾಲುವೆಯಿಂದ ಬದನೆ ಗಿಡದ ಪಾತಿಗೆ ಹರಿಯಿತು. ಅದರಲ್ಲಿ ಕೆದಕುತ್ತಿದ್ದ ಕೋಳಿಯ ಕಾಲು ನೀಲಿಯಾಯಿತು. ನಾನು ಅಳುತ್ತ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ಅದರ ಕಾಲು ತೊಳೆದೆ, ಕಲ್ಲು ತಿಕ್ಕಿದೆ, ಪಾತಿಯ ಮೇಲೆ ಮಣ್ಣೆಳೆದೆ. ಆಮೇಲೆ ಅವ್ವನ ನೀಲಿ ನೆನಪಾಯಿತು. ಗುಡಿಯ ಪೀಠದ ಬಿಳಿ ಬಟ್ಟೆಗಳನ್ನು ಒಗೆಯುತ್ತಿದ್ದವಳು ಅವ್ವ. ಅವಕ್ಕೆ ಅದ್ದುವ ನೀಲಿಯನ್ನು ಚಿಂದಿಯಲ್ಲಿ ಗಂಟು ಕಟ್ಟಿ ಬಚ್ಚಲ ಗೂಡಿನಲ್ಲಿ ಇಡುತ್ತಿದ್ದಳು. ಅದನ್ನು ಕಲ್ಲಿನಿಂದ ಜಜ್ಜಿ ಬುಡ್ಡಿಗೆ ತುಂಬಿದೆ. ನೋಡಲು ಅದೇ ಬಣ್ಣ. ನನಗೆ ಹಾಗೆ ಕಂಡಿತು.

ಎರಡು ದಿನದ ಮೇಲೆ ಮದಲತ್ತೆ ಬಾಗಿಲು ತೆರೆದು ನನ್ನನ್ನು ಕರೆದಳು. ಬೊಗಸೆಯಷ್ಟು ದೊಡ್ಡ ಚಿಪ್ಪಿನಲ್ಲಿ ಜಾಲಿ ಗೋಂದು ಹಾಕಿ ನೀಲಿ ಕಲಸಿದ್ದಳು. ಬೆರಳ ತುದಿಯಲ್ಲಿ ಅದನ್ನು ಉಜ್ಜುತ್ತಿದ್ದಳು.

"ತೆರೇಜಾ, ಇದ್ಯಾಕೋ ಮರಳು ಮರಳಾಗೈತಲ್ಲ. ನೀನೇನಾದ್ರೂ ಮುಟ್ಟಿದ್ಯಾ?"

ಮೂರು ವಾರದಿಂದ ನಾನು ಕಾದಿದ್ದ ಮಾತು ಬಂದಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಇಲ್ಲತ್ತೆ."

"ಸರಿ ಬುಡು. ದೂರದಿಂದ ಬಂದಿದ್ದು, ಅದರ ಗುಣವೇ ಅಂಗಿರಬೇಕು," ಎಂದು ಅವಳು ಅದನ್ನು ಕಲ್ಲಿಗೆ ಹಾಕಿ ಇನ್ನೊಂದು ಸುತ್ತು ಅರೆಯತೊಡಗಿದಳು. ತುಟಿ ಮತ್ತೆ ಜಪಕ್ಕೆ ಹೋಯಿತು.

ಯೇಸುಸ್ವಾಮಿ ಸಮಾಧಿಯಿಂದ ಎದ್ದ ಪಾಸ್ಕ ಹಬ್ಬದ ಬೆಳಿಗ್ಗೆ ಅಪ್ಪ ಹಲಗೆಯನ್ನು ಹೆಗಲ ಮೇಲೆ ಹೊತ್ತು ಗುಡಿಗೆ ತಂದರು. ಕೆಂಪು ಅಂಗಿ, ನೀಲಿ ಸೆರಗು, ನಮ್ಮ ಕಡೆಯ ಹೆಂಗಸಿನ ಗೋಧಿ ಬಣ್ಣದ ಮುಖ. ಸ್ವಾಮಿಗಳು ಬಹಳ ಹೊತ್ತು ನಿಂತು ನೋಡಿ ಮೊಣಕಾಲೂರಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬಂದ ಮೇಲೆ ಮದಲತ್ತೆ ನನ್ನನ್ನು ಎಳೆದು ಕೂರಿಸಿಕೊಂಡು ತಲೆ ಬಾಚಿದಳು, ನಲವತ್ತು ದಿನದ ಮಾತನ್ನೆಲ್ಲ ಒಂದೇ ಸಲಕ್ಕೆ ಆಡಿದಳು. ನಾನೂ ಮರೆತೆ. ಮಕ್ಕಳಿಗೆ ಮರೆಯುವುದು ಅಷ್ಟು ಸುಲಭ.

ಆ ವರ್ಷ ಹಸ್ತ ಮಳೆ ಚೆನ್ನಾಗಿ ಹಿಡಿಯಿತು. ಗುಡಿಯ ಗೋಡೆ ತೇವ ಕುಡಿಯಿತು. ಮೊದಲು ಸೆರಗಿನ ಅಂಚಿನಲ್ಲಿ ಬೂಷ್ಟು ಹತ್ತಿದಂತೆ ಬೆಳ್ಳಗಾಯಿತು, ಆಮೇಲೆ ಅಲ್ಲಲ್ಲಿ ಹೊಪ್ಪಳೆ ಎದ್ದು ಉದುರಿತು, ಮಳೆಗಾಲ ಮುಗಿಯುವಷ್ಟರಲ್ಲಿ ನೀಲಿ ಎನ್ನುವುದು ಇರಲಿಲ್ಲ. ಉಳಿದದ್ದು ಬೂದಿ ಬಣ್ಣ. ಕೆಂಪು ಹಾಗೇ ಇತ್ತು, ಮುಖ ಹಾಗೇ ಇತ್ತು. ಅದೇ ತಿಂಗಳು ಚೌರಮ್ಮನ ಅಳಿಯ ಸಿರಾದಲ್ಲಿ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಇಪ್ಪತ್ತು ತುಂಬದ ಮಗಳನ್ನು ಬಿಳಿ ಸೀರೆಯಲ್ಲಿ ಮನೆಗೆ ಕರೆತಂದ ಚೌರಮ್ಮ ಭಾನುವಾರ ಗುಡಿಗೆ ಬಂದವಳು ಪೀಠದ ಮುಂದೆ ಕುಸಿದು ಕೂತಳು. ತಲೆಯೆತ್ತಿ ಪಟ ನೋಡಿದಳು. ಆಮೇಲೆ ತಿರುಗಿ ಮದಲತ್ತೆಯನ್ನು ನೋಡಿದಳು.

"ನೋಡ್ರವ್ವಾ, ನೋಡಿ! ತಾನು ಉಟ್ಟ ಸೀರೆನೇ ಅಮ್ಮಂಗೂ ಉಡಿಸ್ಬುಟ್ಳು! ಈಗ ನನ್ನ ಮಗಳ್ಗೂ ಉಡಿಸ್ಬುಟ್ಳು!"

ಸ್ವಾಮಿಗಳ ಗಾಡಿ ಇನ್ನೂ ಬಂದಿರಲಿಲ್ಲ, ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಅಂದಿನ ಚೌರಮ್ಮನ ಮೇಲೆ ನನಗೆ ಈಗ ಸಿಟ್ಟಿಲ್ಲ. ಅಂಥ ದುಃಖಕ್ಕೆ ಒಂದು ಹೆಸರು ಬೇಕಾಗಿತ್ತು, ಎದುರಿಗೆ ಸಿಕ್ಕಿತು. ಹೆಂಗಸರು ಒಬ್ಬೊಬ್ಬರಾಗಿ ಅತ್ತೆಯ ಪಕ್ಕದಿಂದ ಸರಿದು ಕೂತರು. ಅವ್ವ ಮಾತ್ರ ಕೂಸನ್ನು ಸೊಂಟಕ್ಕೆತ್ತಿಕೊಂಡು ಹೋಗಿ, ಅತ್ತೆಗೆ ತೋಳು ತಾಗುವಷ್ಟು ಹತ್ತಿರ ಕೂತಳು. ಬೀಸುವ ಕಲ್ಲಿನ ಜಗಳದವಳು ಅವಳೇ.

ಪೂಜೆ ಮುಗಿದ ಮೇಲೆ ಅಪ್ಪ ಪಟದ ಹತ್ತಿರ ಹೋಗಿ ಸೆರಗಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿದರು.

"ಮದ್ಲೇನಾ, ಇದು ಸ್ವಾಮಿಗಳು ಕೊಟ್ಟ ಬಣ್ಣವೇನಾ?"

"ಇನ್ಯಾವ್ದು ಅಣ್ಣ? ಬುಡ್ಡಿ ನನ್ನ ಗೂಡಲ್ಲೇ ಇತ್ತಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮುದ್ದೆ ಮುರಿಯಲಿಲ್ಲ. ತಟ್ಟೆ ನೋಡುತ್ತಲೇ ಮೆಲ್ಲಗೆ ಹೇಳಿದಳು:

"ಬಣ್ಣದ ತಪ್ಪಲ್ಲ ಅಣ್ಣ. ಸೆರಗು ಬರೆಯೋ ದಿನ ನಂಗೆ ಅವರ ನೆಪ್ಪಾಯ್ತು. ಮದುವೇಲಿ ನಾನುಟ್ಟಿದ್ದು ನೀಲಿ ಸೀರೆ. ಜಪ ಬುಟ್ಟು ಅದನ್ನೇ ನೆನೀತಾ ಕೂತ್ಬುಟ್ಟೆ. ಅಮ್ಮ ಅದಕ್ಕೇ ಆ ಬಣ್ಣ ಇಸ್ಕೊಳ್ಳಲಿಲ್ಲ."

ಆಗ ಹೇಳಬಹುದಿತ್ತು. 'ಅತ್ತೆ, ಅದು ಬಟ್ಟೆಯ ನೀಲಿ' ಎಂಬ ಮೂರು ನಾಲ್ಕು ಶಬ್ದ. ನಾನು ನೀರು ಕುಡಿದೆ.

ಮುಂದಿನ ತಿಂಗಳು ನನ್ನ ಮೊದಲ ಪಾಪನಿವೇದನೆ. ನಮ್ಮ ಗುಡಿಯಲ್ಲಿ ಅದಕ್ಕೆಂದು ಮರದ ಗೂಡು ಇರಲಿಲ್ಲ. ಸ್ವಾಮಿಗಳು ಕುರ್ಚಿಯಲ್ಲಿ ಕೂತು ಮಧ್ಯೆ ಒಂದು ಬಿದಿರ ತಟ್ಟಿ ಇಡಿಸಿಕೊಳ್ಳುತ್ತಿದ್ದರು. ಬೆಲ್ಲ ಕದ್ದದ್ದು, ತಮ್ಮನಿಗೆ ಹೊಡೆದದ್ದು ಹೇಳಿ ಮುಗಿಸಬೇಕೆಂದಿದ್ದವಳು ಏಕೋ ನೀಲಿಯನ್ನೂ ಹೇಳಿಬಿಟ್ಟೆ. ಸ್ವಾಮಿಗಳು ತಟ್ಟಿಯ ಹತ್ತಿರಕ್ಕೆ ಬಗ್ಗಿದರು.

"ದೇವರು ನಿನ್ನನ್ನು ಕ್ಷಮಿಸಿದರು, ಮಗು. ಆದರೆ ಅತ್ತೆಗೆ ನೀನೇ ಹೇಳಬೇಕು. ಈ ದಿನವೇ. ಇಲ್ಲಿ ಕೇಳಿದ್ದನ್ನು ನಾನು ಯಾರಿಗೂ ಹೇಳುವಂತಿಲ್ಲ, ಪ್ರಾಣ ಹೋದರೂ ಹೇಳುವಂತಿಲ್ಲ. ನಿನಗೆ ತಿಳಿಯಿತೇ?"

ತಿಳಿಯಿತು ಎಂದೆ. ನನಗೆ ನಿಜವಾಗಿ ತಿಳಿದದ್ದು, ಅವರು ಹೇಳುವುದಿಲ್ಲ ಎಂಬುದಷ್ಟೇ. ಎದೆ ಹಗುರಾಗಿ ಎದ್ದು ಬಂದೆ.

ಅಂದಿನ ಪೂಜೆಯಲ್ಲಿ ಸ್ವಾಮಿಗಳು ಬೇರೆ ಪ್ರಸಂಗ ಬಿಟ್ಟು ಪಟದ ಮಾತೆತ್ತಿದರು. ಬಣ್ಣ ಕೆಡುವುದು ತೇವದಿಂದ, ಪಾಪದಿಂದಲ್ಲ. ದೇವರ ತಾಯಿಯೇ ವಿಧವೆಯಾಗಿದ್ದವಳು. ಒಬ್ಬ ಹೆಂಗಸಿನ ಮೇಲೆ ಇಲ್ಲದ ತಪ್ಪು ಹೊರಿಸುವುದೇ ದೊಡ್ಡ ಪಾಪ ಎಂದರು. ಚೌರಮ್ಮ ಕೂತಲ್ಲಿಂದಲೇ ಕೇಳಿದಳು:

"ತೇವ ಅಂದ್ರೆ ಎಲ್ಲಾ ಬಣ್ಣಕ್ಕೂ ತೇವನೇ ಅಲ್ವಾ ಸ್ವಾಮಿ? ಕೆಂಪು ಯಾಕೆ ಕೆಡ್ಲಿಲ್ಲ?"

ಸ್ವಾಮಿಗಳು ಬಾಯಿ ತೆರೆದರು. ಅವರ ಕಣ್ಣು ಮಕ್ಕಳ ಸಾಲಿಗೆ ಬಂದು ನನ್ನ ಮೇಲೆ ಒಂದು ಕ್ಷಣ ನಿಂತು, ತಟ್ಟನೆ ಬೇರೆ ಕಡೆಗೆ ಹೊರಳಿತು. ಅಷ್ಟು ದೊಡ್ಡ ಮನುಷ್ಯ ತಲೆ ತಗ್ಗಿಸಿ ಪೀಠದ ಕಡೆ ತಿರುಗಿದ್ದನ್ನು ಕಂಡೆ. ಗುಡಿ ತುಂಬ ಜನರಿದ್ದರು. ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬರು ಹೇಳುವಂತಿರಲಿಲ್ಲ, ಇನ್ನೊಬ್ಬಳು ಹೇಳಲಿಲ್ಲ.

ಹೇಳಲು ಹೋಗಲಿಲ್ಲವೆಂದಲ್ಲ. ನಾಲ್ಕೈದು ಸಲ ಆ ಬಾಗಿಲವರೆಗೆ ಹೋದೆ. ಒಮ್ಮೆ ಅತ್ತೆ ಮೊಣಕಾಲ ಮೇಲಿದ್ದಳು. ಒಮ್ಮೆ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪನಿಗೆ ಕೊಡುತ್ತಿದ್ದಳು. ಇನ್ನೊಮ್ಮೆ ಗುಡಿಯಿಂದ ತಾನೇ ತಂದ ಹಲಗೆಯನ್ನು ಕುಡುಗೋಲಿನಿಂದ ಹೆರೆಯುತ್ತಿದ್ದಳು. ಮುಖ ಬಂದಾಗ ಕೈ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಹೆರೆದಳು. ಹೆರೆದ ಹಲಗೆಯನ್ನು ಅವ್ವನಿಗೆ ಕೊಟ್ಟಳು. ಒಳ್ಳೆಯ ಹಲಸಿನ ಮರ, ಬಿಸಾಡುವುದೇಕೆಂದು ಅವ್ವ ಅದನ್ನು ರಾಗಿ ಹಿಟ್ಟಿನ ಗಡಿಗೆಗೆ ಮುಚ್ಚಳ ಮಾಡಿದಳು. ನಾನು ಮದುವೆಯಾಗಿ ಹೋಗುವವರೆಗೆ ದಿನಕ್ಕೆರಡು ಸಲ ಆ ಮುಚ್ಚಳ ತೆಗೆದಿದ್ದೇನೆ.

ಕ್ರಿಸ್‌ಮಸ್ಸಿಗೆ ಮೊದಲೇ ಮದಲತ್ತೆ ಮನೆ ಬಿಟ್ಟಳು. ಬೆಂಗಳೂರಿನ ಒಂದು ಕನ್ಯಾಮಠದಲ್ಲಿ ಅಡುಗೆಗೆ ಹೆಂಗಸು ಬೇಕೆಂದು ಸ್ವಾಮಿಗಳೇ ಕಾಗದ ಬರೆದುಕೊಟ್ಟಿದ್ದರು. ಅಪ್ಪ ಬೇಡವೆಂದರು, ಅವ್ವ ಕೈ ಹಿಡಿದುಕೊಂಡು ಅತ್ತಳು. ಅತ್ತೆ ಹೇಳಿದ್ದು ಒಂದೇ ಮಾತು: "ಇಲ್ಲಿದ್ರೆ ಈ ಗುಡಿಗೇ ಹೋಗ್ಬೇಕು ಅತ್ತಿಗೆ." ಗೌರಿಬಿದನೂರಿನ ರೈಲಿಗೆ ಹೋಗುವ ಗಾಡಿ ಬಾಗಿಲಲ್ಲಿ ನಿಂತಿದ್ದಾಗ ಅವಳು ನನ್ನ ಜಡೆ ಹೆಣೆದಳು.

"ಅತ್ತೆ..."

"ಏನವ್ವಾ?"

"ಅಲ್ಲೂ ಮುದ್ದೆ ಮಾಡ್ತಾರಾ?"

"ಗೊತ್ತಿಲ್ಲ ಕಣಮ್ಮ. ನಾನೇ ತಾನೇ ಮಾಡೋಳು," ಎಂದು ನಕ್ಕಳು.

ಆಮೇಲೆ ನಾನು ಬಹಳ ಒಳ್ಳೆಯ ಹುಡುಗಿಯಾದೆ. ಸಣ್ಣಪುಟ್ಟ ತಪ್ಪನ್ನು ಯಾರೂ ಕೇಳುವ ಮೊದಲೇ ಒಪ್ಪಿಕೊಳ್ಳುತ್ತಿದ್ದೆ. ಲೋಟ ಒಡೆದರೆ, ಹಾಲು ಉಕ್ಕಿದರೆ, ನಾನೇ ಎನ್ನುತ್ತಿದ್ದೆ, ಒಮ್ಮೊಮ್ಮೆ ನಾನಲ್ಲದಿದ್ದರೂ. ತೆರೇಜ ಸುಳ್ಳಾಡುವವಳಲ್ಲ ಎಂದು ಊರಲ್ಲಿ ಹೆಸರಾಯಿತು. ಮುಂದೆ ಮೇಷ್ಟರ ಕೆಲಸ ಮಾಡುವಾಗಲೂ ಆ ಹೆಸರು ನನ್ನ ಜೊತೆ ಬಂತು. ಪ್ರತಿ ತಿಂಗಳು ಬಿದಿರ ತಟ್ಟಿಯ ಮುಂದೆ ಸ್ವಾಮಿಗಳು ಕೇಳುತ್ತಿದ್ದರು, "ಹೇಳಿದೆಯಾ ಮಗು?" ಇಲ್ಲ ಎನ್ನುತ್ತಿದ್ದೆ. ಕೆಲವು ವರ್ಷದ ಮೇಲೆ ಅವರು ಬೇರೆ ಊರಿಗೆ ಹೋದರು. ಕೇಳುವವರೂ ಇಲ್ಲವಾದರು.

ಹೇಳಿದ್ದು ಹನ್ನೆರಡು ವರ್ಷದ ಮೇಲೆ, ಮೊದಲ ಮಗು ಹುಟ್ಟಿದಾಗ. ಕೂಸನ್ನು ತೋರಿಸುವ ನೆವದಲ್ಲಿ ಬೆಂಗಳೂರಿಗೆ ಹೋದೆ. ಮಠದ ಹಿಂದಿನ ಅಂಗಳದಲ್ಲಿ ಮದಲತ್ತೆ ಗೋಣಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು, ಬೆರಳುಗಳು ಗಂಟು ಕಟ್ಟಿದ್ದವು. ಕೂಸನ್ನು ಮಡಿಲಿಗೆ ಹಾಕಿಕೊಂಡು ಅದರ ಮೂಗು ತನ್ನ ಅಣ್ಣನದು ಎಂದಳು. ನಾನೂ ಕಾಯಿ ಸುಲಿಯುತ್ತ, ಅವಳ ಮುಖ ನೋಡದೆ, ಬೊಟ್ಟಿನಿಂದ ಹಿಡಿದು ಕೋಳಿಯ ಕಾಲಿನವರೆಗೆ, ಪಾಪನಿವೇದನೆಯಿಂದ ಹಿಡಿದು ಗಾಡಿ ಹೊರಟ ದಿನದವರೆಗೆ ಎಲ್ಲ ಹೇಳಿದೆ. ಅವಳ ಕೈ ಯಾವಾಗ ನಿಂತಿತೋ ಗೊತ್ತಿಲ್ಲ.

"ಬಟ್ಟೆ ನೀಲಿ?"

"ಹೂಂ ಅತ್ತೆ."

"ಅಂಗಾದ್ರೆ ನನ್ನ ಜಪ ತಪ್ಪಿರ್ಲಿಲ್ವಾ?"

"ಇಲ್ಲತ್ತೆ."

ಅವಳು ಇನ್ನೊಂದು ಸಲ ಕೇಳಿದಳು, ಕಿವುಡರು ಕೇಳುವ ಹಾಗೆ ನನ್ನ ತುಟಿಯನ್ನೇ ನೋಡುತ್ತ. "ಅವರನ್ನ ನೆನೆಸ್ಕಂಡಿದ್ದಕ್ಕೆ ಅಲ್ವಾ?"

"ಅಲ್ಲತ್ತೆ. ನನ್ನಿಂದ."

ಮದಲತ್ತೆ ಕೂಸನ್ನು ನಿಧಾನವಾಗಿ ನನ್ನ ಮಡಿಲಿಗೆ ವಾಪಸು ಕೊಟ್ಟಳು.

"ಹನ್ನೆರಡು ವರ್ಷ ಕಣೇ. ಅವರ ಮುಖ ಕಣ್ಮುಂದೆ ಬಂದ್ರೆ ಸಾಕು, ಪಾಪ ಅಂತ ತಲೆ ಒದರ್ಕಂಡು ಓಡಿಸ್ಬುಡ್ತಿದ್ದೆ. ಈಗ ಕರೆದ್ರೂ ಸರಿಯಾಗಿ ಬರಾಕಿಲ್ಲ, ಆ ಮುಖ."

ನಾನು ಅವಳ ಕಾಲು ಹಿಡಿದೆ. ಅವಳು ಒದೆಯಲಿಲ್ಲ, ಎತ್ತಲೂ ಇಲ್ಲ.

"ಕ್ಷಮಿಸ್ತೀನಿ ತೆರೇಜಾ. ಕ್ಷಮಿಸದೆ ನಂಗೂ ಗತಿಯಿಲ್ಲ. ಆದ್ರೆ ಇವತ್ತಲ್ಲ. ಎದ್ದೇಳು, ಕೂಸು ಹಸ್ಕೊಂಡೈತೆ."

ಆಮೇಲೆ ಒಂಬತ್ತು ವರ್ಷ ಅವಳು ಬದುಕಿದ್ದಳು. ವರ್ಷಕ್ಕೆರಡು ಸಲ ಹೋಗುತ್ತಿದ್ದೆ. ಪ್ರತಿ ಸಲವೂ ತಟ್ಟೆಗೆ ಬಡಿಸಿ ಎದುರಿಗೆ ಕೂರುತ್ತಿದ್ದಳು, ಮಕ್ಕಳ ಓದು ಕೇಳುತ್ತಿದ್ದಳು, ಅವ್ವನ ಮಂಡಿನೋವಿಗೆ ಎಣ್ಣೆ ಕೊಟ್ಟು ಕಳಿಸುತ್ತಿದ್ದಳು. ನಾನು ಹೊರಡುವಾಗ ಗೇಟಿನವರೆಗೆ ಬಂದು ನಿಲ್ಲುತ್ತಿದ್ದಳು, ನಾನೂ ಚಪ್ಪಲಿ ಮೆಟ್ಟುವ ನೆವದಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದೆ. ಕ್ಷಮಿಸಿದೆಯಾ ಎಂದು ಕೇಳುವ ಬಾಯಿ ನನಗಿರಲಿಲ್ಲ. ಒಂದು ಮಧ್ಯಾಹ್ನ ಶಾಲೆಗೆ ತಂತಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಇವತ್ತಲ್ಲ ಎಂದಿದ್ದಳು, ಯಾವತ್ತು ಎಂದು ಹೇಳದೆ ಹೋದಳು.